ಅತ್ತೆ ಸೊಸೆಯರ ಮೊಣಕೈ ಬ್ಯಾನಿ

ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ದ್ಯಾಮಣ್ಣನ ಹೆಂಡತಿ ಶರಣವ್ವನಿಗೆ ಮೊಣಕೈ ನೋವು ಮೊದಲು ಕಾಣಿಸಿದ್ದು ರೊಟ್ಟಿಯ ಹಿಟ್ಟು ನಾದುವಾಗ. ಬಲಗೈಯ ಮೊಣಕೈ ಹೊರಮಗ್ಗುಲಿಗೆ ಯಾರೋ ದಬ್ಬಣ ಚುಚ್ಚಿ ತೆಗೆದ ಹಾಗಾಯಿತು. ಆಕೆ ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ ಹಿಡಿದು ಕೂತುಬಿಟ್ಟಳು.

"ಯಾಕ ಬೇ, ಏನಾತು?" ಎಂದಳು ಅತ್ತೆ ದಾನವ್ವ.

"ಏನಿಲ್ರಿ ಅತ್ತಿ. ಮೊಣಕೈ ಚಳಕ್ ಅಂತು."

"ರೊಟ್ಟಿ ಬಡದು ಬಡದು ಹಂಗಾಗೇತಿ. ಏಳು, ಮದ್ಲ ಏಳು. ಇವತ್ತಿಂದ ನೀ ಹಿಟ್ಟು ಮುಟ್ಟಬ್ಯಾಡ."

ದಾನವ್ವ ಹೇಳಿದಳೆಂದರೆ ಮುಗಿಯಿತು. ಕೌಲಪೇಟೆಯ ಆ ಓಣಿಯಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಭೋಂಗಾ ಬಿಟ್ಟರೆ ಜನ ಕಿವಿಗೊಟ್ಟು ಕೇಳುತ್ತಿದ್ದುದು ಅವಳ ದನಿಯನ್ನೇ. ಸೊಸೆಯ ಮೇಲೆ ಅವಳಿಗೆ ಜೀವವಿತ್ತು. ಆದರೆ ಆ ಪ್ರೀತಿ ಹೊರಗೆ ಬರುವಾಗ ಯಾವಾಗಲೂ ಅಪ್ಪಣೆಯಾಗಿಯೇ ಬರುತ್ತಿತ್ತು. ಮರುದಿನವೇ ರೊಟ್ಟಿ ಬಡಿಯಲು ಒಬ್ಬ ಹೆಣ್ಣಾಳು ಬಂದಳು. ಆಮೇಲೆ ಶರಣವ್ವ ಬಾವಿಯ ಹಗ್ಗ ಮುಟ್ಟುವಂತಿಲ್ಲ ಎಂದಾಯಿತು. ಬೀಸುಕಲ್ಲು ಮುಟ್ಟುವಂತಿಲ್ಲ, ಒದ್ದೆ ಸೀರೆ ಹಿಂಡುವಂತಿಲ್ಲ, ಕಸ ಹೊಡೆಯುವಂತಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮೊಟ್ಟಮೊದಲ ಸಲ, ದಿನದಲ್ಲಿ ಮಧ್ಯಾಹ್ನ ಎಂಬುದೊಂದು ಇರುತ್ತದೆ ಎಂದು ಶರಣವ್ವನಿಗೆ ತಿಳಿಯಿತು.

ಇಷ್ಟಾದರೂ ನೋವು ಕಡಿಮೆಯಾಗಲಿಲ್ಲ. ಹೆಚ್ಚಾಯಿತು.

ಹೆಚ್ಚಾಗಲು ಕಾರಣವಾದದ್ದು ಪಡಸಾಲೆಯ ಗೋಡೆಗೆ ಹೊಡೆದ ಎತ್ತರದ ಹಲಗೆಯ ಮೇಲೆ ಎಲ್ಲರ ಕಣ್ಣೆದುರಿಗೇ ಕೂತಿತ್ತು. ಅದೊಂದು ಗ್ರಾಮೋಫೋನು. ೧೯೩೪ರ ದೀಪಾವಳಿಯ ಹೊತ್ತಿಗೆ ರೈಲ್ವೆಯ ಸಾಹೇಬನೊಬ್ಬ ವಿಲಾಯತಿಗೆ ವಾಪಸು ಹೊರಟು ತನ್ನ ಸಾಮಾನೆಲ್ಲ ಮಾರಿದಾಗ ದ್ಯಾಮಣ್ಣ ಅದನ್ನು ಕೊಂಡು ತಂದಿದ್ದ. ಮದ್ದುಗುಣಿಕೆ ಹೂವಿನಂಥ ದೊಡ್ಡ ಹಿತ್ತಾಳೆ ಕಹಳೆ, ಪಕ್ಕದಲ್ಲಿ ತಿರುವುವ ಚಾವಿ, ಒಂದು ಡಬ್ಬಿ ಸೂಜಿ, ಜೊತೆಗೆ ಪೇಟೆಯಿಂದ ಆರಿಸಿ ತಂದ ಹಾಡಿನ ಕರಿಯ ಪ್ಲೇಟುಗಳು. ಯಾರೂ ಮುಟ್ಟಿ ಕೆಡಿಸಬಾರದೆಂದು ಅವನು ಅದನ್ನು ತನ್ನ ತಲೆಯ ಮಟ್ಟಕ್ಕೆ ಇಟ್ಟಿದ್ದ. ಆದಿತ್ಯವಾರ ಸಂಜೆ ಅಡತಿ ಅಂಗಡಿಯ ಗೆಳೆಯರು ಬಂದಾಗ ಒಂದೆರಡು ಪ್ಲೇಟು ಹಚ್ಚಿ, ಮತ್ತೆ ಮೇಲೆ ಬಟ್ಟೆ ಹೊದಿಸಿಬಿಡುತ್ತಿದ್ದ.

ದಾನವ್ವನಿಗೆ ಅದು ಸೇರುತ್ತಿರಲಿಲ್ಲ. "ಹಾಡೋರ ಮಾರಿ ಕಾಣಂಗಿಲ್ಲ, ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಅಂಥೋರ್ನ ಮನ್ಯಾಗ ಕರಕೊಂಡ ಬಂದಿಯಲ್ಲೋ ದ್ಯಾಮಾ!" ಎಂದು ಬೈದಿದ್ದಳು. ಹೆಣ್ಣುಮಕ್ಕಳು ಆ ಪೆಟ್ಟಿಗೆಯ ಹತ್ತಿರ ಸುಳಿಯಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದಳು.

ಆದರೆ ದಾನವ್ವ ದಿನಾ ಮೂರನೆಯ ಪ್ರಹರಕ್ಕೆ ಮಠಕ್ಕೆ ಪುರಾಣ ಕೇಳಲು ಹೋಗುತ್ತಿದ್ದಳು. ಅವಳ ಸೀರೆಯ ಸೆರಗು ಓಣಿಯ ತಿರುವಿನಲ್ಲಿ ಮರೆಯಾಯಿತೋ ಇಲ್ಲವೋ, ಶರಣವ್ವ ಹಲಗೆಯ ಕೆಳಗೆ ತುದಿಗಾಲಿನ ಮೇಲೆ ನಿಂತು, ಬಲಗೈ ಮೇಲಕ್ಕೆ ಚಾಚಿ, ಚಾವಿ ಹಿಡಿದು ತಿರುವಲು ಶುರುಮಾಡುತ್ತಿದ್ದಳು. ಚಾವಿ ಬಿಗಿ. ಒಳಗಿನ ಸ್ಪ್ರಿಂಗು ಮುದಿ ಎತ್ತಿನಂತೆ ಹಟ ಹಿಡಿಯುತ್ತಿತ್ತು. ಹಲ್ಲು ಕಚ್ಚಿ ತಿರುವಿದರೆ ಒಂದು ಹಾಡಾಗುವಷ್ಟು ಕೀಲಿ ಕೂಡುತ್ತಿತ್ತು. ಹಾಡು ಶುರುವಾದ ಕೂಡಲೇ ಬಳೆ ಮಾರುವ ತಾಜಬಿ ತನ್ನ ಬುಟ್ಟಿ ಕಟ್ಟೆಯ ಮೇಲಿಟ್ಟು ಒಳಗೆ ಬರುತ್ತಿದ್ದಳು. ಅವಳ ಹಿಂದೆ ಓಣಿಯ ಮತ್ತಿಬ್ಬರು, ಮೂವರು. "ಇನ್ನೊಂದ ಪ್ಲೇಟ ಹಚ್ಚವ್ವಾ ಶರಣವ್ವಾ, ಒಂದ ಇನ್ನೊಂದ" ಎಂದು ಎಲ್ಲರದೂ ಗೋಗರೆತ.

ಮೊದಮೊದಲು ಕೆಲಸದ ನಡುವೆ ಕದ್ದು ಎರಡು ಹಾಡು. ಈಗ ಕೆಲಸವೇ ಇಲ್ಲ. ಮಧ್ಯಾಹ್ನವಿಡೀ ಹಾಡೇ ಹಾಡು. ಮೊಣಕೈಗೂ ಹಾಡಿಗೂ ಸಂಬಂಧವಿದೆಯೆಂದು ಯಾರಿಗೆ ತಾನೇ ಹೊಳೆದೀತು? ಹಾಡು ನಡೆದಿರುವಾಗ ಶರಣವ್ವನಿಗೆ ನೋವಿನ ನೆನಪೇ ಇರುತ್ತಿರಲಿಲ್ಲ. ಸಂಜೆ ನೀರಿನ ತಂಬಿಗೆ ಎತ್ತಲು ಹೋದಾಗ ಜೀವ ಹೋದ ಹಾಗಾಗುತ್ತಿತ್ತು.

ಔಷಧ ಮಾಡುವವರಿಗೇನೂ ಬರವಿರಲಿಲ್ಲ. ತಾಜಬಿ ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟುತ್ತಿದ್ದಳು. "ಎಲಿ ಬಿಸಿ ಇರೂ ತನಕ ಒಂದ ಹಾಡಾಗಲಿ" ಎನ್ನುತ್ತಿದ್ದಳು. ಇನ್ನೊಬ್ಬಳು ಅರಿಶಿನ ಸುಣ್ಣ ಕಲಸಿ ಹಚ್ಚಿ, ಅದು ಒಣಗುವ ತನಕ ಹಾಡು ಕೇಳಿ ಹೋಗುತ್ತಿದ್ದಳು. ಉಪ್ಪಿನ ಗಂಟು ಕಾಸಿ ತಂದವಳು ಗಂಟು ಆರಿದರೂ ಏಳುತ್ತಿರಲಿಲ್ಲ. ಔಷಧ ಹೆಚ್ಚಿದಷ್ಟೂ ಹಾಡು ಹೆಚ್ಚಿತು, ಹಾಡು ಹೆಚ್ಚಿದಷ್ಟೂ ನೋವು ಹೆಚ್ಚಿತು, ನೋವು ಹೆಚ್ಚಿದಷ್ಟೂ ಔಷಧ ತರುವವರು ಹೆಚ್ಚಿದರು. ಕೊನೆಗೆ ಶರಣವ್ವನಿಗೆ ಚಾವಿ ತಿರುವುವುದೇ ಆಗದಾಯಿತು. ತಾಜಬಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಅತ್ತಾಗ ಸರಿ ಅವ್ವಾ, ನನ್ನ ರಟ್ಟಿ ಗಟ್ಟಿ ಅದಾವು. ನಾ ತಿರುವತೇನಿ."

ಇತ್ತ ದಾನವ್ವನ ಕಥೆ ಬೇರೆಯೇ ನಡೆದಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಸೊಸೆ ಮಾಳಿಗೆಯ ಮೇಲೆ ಕೈಗೆ ಶಾಖ ಕೊಟ್ಟುಕೊಂಡು ಮಲಗಿದ್ದಳು. ದಾನವ್ವ ಪಡಸಾಲೆಯ ಧೂಳು ಹೊಡೆಯುತ್ತ ಆ ಹಲಗೆಯ ಹತ್ತಿರ ಬಂದಳು. ಮೇಲಿನ ಬಟ್ಟೆ ತೆಗೆದು ಝಾಡಿಸಿದಳು. ಚಾವಿ ಕಂಡಿತು. ತಿರುಗುತ್ತದೋ ಇಲ್ಲವೋ ನೋಡೋಣವೆಂದು ಒಂದು ಸುತ್ತು ತಿರುವಿದಳು. ಆಮೇಲೆ ಇನ್ನೊಂದು. ಮಗ ಮಾಡುವುದನ್ನು ನೋಡಿ ಗೊತ್ತಿದ್ದಂತೆ ಸೂಜಿಯನ್ನು ಪ್ಲೇಟಿನ ಅಂಚಿಗಿಟ್ಟಳು.

ಒಬ್ಬ ಹೆಂಗಸಿನ ದನಿ ಎದ್ದಿತು. ಶಿವನನ್ನು ಕರೆಯುವ ಪದ. ಆ ಹೆಂಗಸು ಎಲ್ಲಿಯವಳೋ ಏನೋ, ಅವಳ ಮುಖ ದಾನವ್ವ ಕಂಡವಳಲ್ಲ. ಆದರೆ ಪಕ್ಕದಲ್ಲೇ ಕೂತು, ತೊಡೆಯ ಮೇಲೆ ಕೈಯಿಟ್ಟು, ತನಗೊಬ್ಬಳಿಗೇ ಹೇಳಿದ ಹಾಗಿತ್ತು. ದಾನವ್ವ ಕಸಬರಿಗೆ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತಳು. ಹಾಡು ಮುಗಿದು ಸೂಜಿ ಕರಕರ ಎನ್ನತೊಡಗಿದಾಗ ಗಡಬಡಿಸಿ ಎದ್ದು ಎಲ್ಲವನ್ನೂ ಮೊದಲಿನಂತೆ ಮುಚ್ಚಿಟ್ಟಳು.

ಮರುದಿನ ಮತ್ತೆ ಕೇಳಿದಳು. ಅದರ ಮರುದಿನವೂ. ಮಾಳಿಗೆಗೆ ಕೇಳಿಸಬಾರದೆಂದು ಹಳೆಯ ಕೌದಿಯ ತುಂಡೊಂದನ್ನು ಕಹಳೆಯೊಳಗೆ ತುರುಕುತ್ತಿದ್ದಳು. ಆಗ ಹಾಡುವವಳು ನೆಗಡಿಯಾದವಳಂತೆ ಕೇಳಿಸುತ್ತಿದ್ದಳು. ಅದಕ್ಕೆ ಉಪಾಯವಿರಲಿಲ್ಲ. ಒಂದೇ ಪದವನ್ನು ಮೇಲಿಂದ ಮೇಲೆ ಹಚ್ಚಿ ಕೇಳಿ, ಆಮೇಲೆ ಏನೂ ಆಗದವಳಂತೆ ಪುರಾಣಕ್ಕೆ ಹೊರಡುತ್ತಿದ್ದಳು.

ಶರಣವ್ವನಿಗೆ ಕಹಳೆಯಲ್ಲಿ ಕೌದಿಯ ದಾರದ ಎಳೆಗಳು ಸಿಕ್ಕವು. ಗಂಡ ಧೂಳು ಒರೆಸಿರಬೇಕು ಅಂದುಕೊಂಡಳು. ದಾನವ್ವನಿಗೆ ಸವೆದ ಸೂಜಿಗಳು ಸಿಕ್ಕವು. ಮಗ ತಾನಿಲ್ಲದಾಗ ಹಚ್ಚುತ್ತಿರಬೇಕು ಅಂದುಕೊಂಡಳು. ದ್ಯಾಮಣ್ಣನೊಬ್ಬ ಮಾತ್ರ ಸೂಜಿಯ ಡಬ್ಬಿ ಇಷ್ಟು ಬೇಗ ಹೇಗೆ ಖಾಲಿಯಾಯಿತೆಂದು ತಲೆ ಕೆರೆದುಕೊಂಡ.

ಸ್ವಲ್ಪ ದಿನಕ್ಕೆ ದಾನವ್ವನ ಬಲ ಮೊಣಕೈ ಹಿಡಿಯಿತು. ಆಕೆ ಯಾರಿಗೂ ಹೇಳಲಿಲ್ಲ. ಪುರಾಣಕ್ಕೆ ಹೋಗುವ ಮುಂಚೆ ಕದ್ದು ಹಾಡು ಕೇಳಿದ್ದಕ್ಕೆ ಶಿವ ಕೊಟ್ಟ ಶಿಕ್ಷೆ ಇದು ಎಂದು ಅವಳ ಮನಸ್ಸಿಗೆ ಬಂದಿತ್ತು. ಕೈ ಮಗ್ಗುಲು ಬದಲಿಸಿ ಮಲಗುವಳು, ವಿಭೂತಿ ಹಚ್ಚಿಕೊಳ್ಳುವಳು, ಮರುದಿನ ಮತ್ತೆ ಅದೇ ಪದ ಹಚ್ಚುವಳು.

ಗುಟ್ಟು ಬಯಲಾದದ್ದು ಗಂಗಪ್ಪನ ಎದುರಿಗೆ. ಗಂಗಪ್ಪ ದ್ಯಾಮಣ್ಣನ ಕಾಕಾ, ಎರಡು ಮನೆ ಆಚೆ ಇರುವವನು. ಸಣ್ಣವನಿದ್ದಾಗ ಪ್ಲೇಗು ಬಂದು ಮನೆಯವರೆಲ್ಲ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದರು. ಅಂದಿನಿಂದ ಯಾರಾದರೂ ಸೀನಿದರೂ ಅವನು ಎದ್ದು ಬಾಗಿಲ ಹತ್ತಿರ ಹೋಗಿ ಕೂತುಕೊಳ್ಳುತ್ತಿದ್ದ. ಅಂದು ಅವನು ಮಾತಾಡಿಸಲು ಬಂದು ನೀರು ಕೇಳಿದ. ದಾನವ್ವ ತುಂಬಿದ ತಂಬಿಗೆ ಎತ್ತಿ ಮುಂದೆ ಚಾಚಿದಳು. ಮೊಣಕೈಯಲ್ಲಿ ಚಳಕು ಹೊಡೆದು ಕೈ ಸೋತು, ತಂಬಿಗೆ ಠಣ್ಣನೆ ಬಿದ್ದಿತು. ನೀರೆಲ್ಲ ಗಂಗಪ್ಪನ ಧೋತರದ ಮೇಲೆ.

"ವೈನಿ! ನಿಮ್ಮ ಕೈಗೂ ಬಂತೇನು?"

"ಏನು ಬಂತು?"

"ಶರಣವ್ವನ ಬ್ಯಾನಿ! ಹಬ್ಬಾಕತ್ತೈತಿ ಅದು!" ಎಂದು ಗಂಗಪ್ಪ ಒದ್ದೆ ಧೋತರ ಎತ್ತಿ ಹಿಡಿದು ಓಣಿಗೆ ಹಾರಿದ.

ಅವನು ವಿಚಾರಿಸುತ್ತ ಹೋದಂತೆ ತಾಜಬಿಗೂ ಮೊಣಕೈ ನೋವು ಎಂದು ತಿಳಿಯಿತು. ಅವಳಿಗೆ ಬಳೆ ಏರಿಸುವುದೇ ಕಷ್ಟವಾಗಿತ್ತು. ಓಣಿಯ ಇನ್ನಿಬ್ಬರು ಹೆಂಗಸರೂ ಮೆಲ್ಲಗೆ ಒಪ್ಪಿಕೊಂಡರು. ಎಲ್ಲರದೂ ಬಲಗೈ. ಎಲ್ಲರೂ ದ್ಯಾಮಣ್ಣನ ಮನೆಗೆ ಹೋಗಿ ಬಂದವರು. ಸಂಜೆಯೊಳಗೆ ಕೌಲಪೇಟೆಯಲ್ಲಿ ಹೊಸ ರೋಗ ಬಂದಿದೆಯೆಂಬ ಸುದ್ದಿ ಮನೆಮನೆಗೆ ಮುಟ್ಟಿತು. ಗಂಗಪ್ಪ ತನ್ನ ಎರಡೂ ಮೊಣಕೈಗೆ ಕರ್ಪೂರದ ಗಂಟು ಬಿಗಿದುಕೊಂಡ. ಮರುದಿನ ಅರ್ಧ ಓಣಿಯ ಮೊಣಕೈಗಳು ಕರ್ಪೂರದ ವಾಸನೆ ಹೊಡೆಯುತ್ತಿದ್ದವು. ಆದರೂ ಮೂರನೆಯ ಪ್ರಹರದ ಹಾಡಿಗೆ ಹೆಂಗಸರು ಬರುವುದನ್ನೇನೂ ಬಿಡಲಿಲ್ಲ. ತಾಜಬಿ ಒಳಗೆ ಚಾವಿ ತಿರುವಿದಳು, ಉಳಿದವರು ಒಳಗೆ ಬರುವ ಬದಲು ಕಿಟಕಿಯ ಹೊರಗೆ ನಿಂತು ಕೇಳಿದರು, ಅಷ್ಟೇ.

"ಮುಂಬಯ್ಯಾಗ ಈ ಬ್ಯಾನಿಗೆ ಮೊಣಕೈ ಕೊಯ್ದು ಒಳಗ ಕೆರೀತಾರಂತ" ಎಂದು ಗಂಗಪ್ಪ ಎಲ್ಲಿಂದಲೋ ಕೇಳಿಕೊಂಡು ಬಂದು ಹೇಳಿದ. ಶರಣವ್ವ ಅತ್ತಳು. ದಾನವ್ವ ಅಳಲಿಲ್ಲ, ಆದರೆ ಮುಖ ಬಿಳಿಚಿಕೊಂಡಿತು. ದ್ಯಾಮಣ್ಣ ಹೆದರಿ ಚಪ್ಪಲಿ ಮೆಟ್ಟಿಕೊಂಡು ದುರ್ಗದಬೈಲಿನ ಪೇಟೆಗೆ ಓಡಿದ. ಅಲ್ಲಿ ಧಾರವಾಡದ ಕಡೆಯ ಬಿಂದುಮಾಧವರಾಯರು ಎಂಬ ತರುಣ ಡಾಕ್ಟರು ಹೊಸದಾಗಿ ದವಾಖಾನೆ ತೆರೆದಿದ್ದರು.

ಡಾಕ್ಟರು ಸೈಕಲ್ಲು ಹತ್ತಿ ಬಂದರು. ಅವರ ಹಿಂದೆ ಅರ್ಧ ಓಣಿ ಬಂದಿತು. ಪಡಸಾಲೆಯಲ್ಲಿ ಅತ್ತೆ ಸೊಸೆಯರನ್ನು ಪಕ್ಕಪಕ್ಕದಲ್ಲಿ ಕೂಡಿಸಿ ಇಬ್ಬರ ನಾಡಿ ನೋಡಿದರು, ಮೈ ಬಿಸಿ ನೋಡಿದರು. ಮೊಣಕೈ ಮಡಿಚಿ, ಚಾಚಿ, ಎಲುಬು ಮುಟ್ಟಿ ನೋಡಿದರು. ಆಮೇಲೆ ಅಂಗೈ ಕೆಳಗೆ ಮಾಡಿ ಕೈ ಚಾಚಿ ಮುಷ್ಟಿ ಹಿಡಿಯಲು ಹೇಳಿದರು.

"ಈಗ ನಾ ಮುಷ್ಟಿ ಕೆಳಗ ಒತ್ತತೇನಿ. ನೀವು ಮ್ಯಾಲೆ ಎತ್ರಿ."

"ಯಪ್ಪಾ ಶಿವನ!" ಎಂದು ದಾನವ್ವ ಕೂಗಿದಳು. ಶರಣವ್ವನೂ ಹಾಗೆಯೇ ಕೂಗಿದಳು. ಕಿಟಕಿಯ ಹೊರಗೆ ನಿಂತ ತಾಜಬಿ, ತನ್ನನ್ನು ಯಾರೂ ಮುಟ್ಟದಿದ್ದರೂ, ತಾನೂ ಕೂಗಿದಳು.

"ಇದು ಅಂಟೂ ಬ್ಯಾನಿ ಅಲ್ಲ" ಎಂದರು ಡಾಕ್ಟರು. ಗಂಗಪ್ಪ ಮಾತ್ರ ಹೊಸ್ತಿಲ ಆಚೆಯೇ ಉಳಿದ. "ಜ್ವರಾ ಇಲ್ಲ, ಎಲುಬು ನೆಟ್ಟಗ ಅದ. ನೋಡ್ರಿ ಅವ್ವಾರ, ಮುಂಗೈ ಎತ್ತೂ ಸ್ನಾಯು ಎಲ್ಲಾ ಇಲ್ಲಿ, ಮೊಣಕೈ ಹೊರಗಿನ ಈ ಎಲುಬಿನ ಗುಬಟಿಗೆ ಬಂದು ಅಂಟಿಕೊಂಡಿರತಾವ. ಗಟ್ಟಿಯಾಗಿ ಹಿಡದು ತಿರುವೂ ಕೆಲಸಾ ಒಂದೇ ಸವನ ಮಾಡಿದ್ರ ಆ ಅಂಟಿದ ಜಾಗಾ ಹಿಸಿದಂಗ ಆಗತದ. ಟೆನಿಸ್ ಆಡೂ ಸಾಹೇಬರಿಗೆ ಬರ್ತದ, ಸ್ಕ್ರೂ ತಿರುವೂ ಮಿಸ್ತ್ರಿಗೆ ಬರ್ತದ, ಅರಿವಿ ಹಿಂಡೂ ಅಗಸರಿಗೆ ಬರ್ತದ."

"ನಮ್ಮ ಅತ್ತಿ ಟೆನಿಸ್ ಆಡಂಗಿಲ್ರಿ" ಎಂದಳು ಶರಣವ್ವ, ಬಹಳ ಗಂಭೀರವಾಗಿ.

"ಹೌದಲ್ಲಾ. ಮತ್ತ ಇಬ್ಬರೂ ಏನ ತಿರುವತೀರಿ? ನೆನಸ್ಕೋರಿ. ಬೀಸೂದು? ಹಿಂಡೂದು?"

"ಬೀಸುಕಲ್ಲು ಮುಟ್ಟಿ ಎಷ್ಟೋ ದಿನಾ ಆತ್ರಿ" ಎಂದಳು ದಾನವ್ವ. "ಇಕಿಗಂತೂ ಎಲ್ಲಾ ಕೆಲಸಾ ಬಿಡಿಸೇನಿ."

"ಕೆಲಸಾ ಬಿಡಿಸಿದ ಮ್ಯಾಲೆ ನೋವು ಕಡಿಮಿ ಆತೇನು?"

"ಹೆಚ್ಚಾತ್ರಿ."

ಡಾಕ್ಟರು ಗಲ್ಲಕ್ಕೆ ಕೈಯಿಟ್ಟು ಕೂತರು. ಚಹಾ ಬಂದಿತು. ಕುಡಿಯುತ್ತ ಸುತ್ತ ನೋಡುವಾಗ ಹಲಗೆಯ ಮೇಲಿನ ಹಿತ್ತಾಳೆ ಕಹಳೆ ಅವರ ಕಣ್ಣಿಗೆ ಬಿದ್ದಿತು. ಹಾಡೆಂದರೆ ಊಟ ಬಿಡುವ ಮನುಷ್ಯ ಅವರು.

"ಆಹಾ, ಗ್ರಾಮೋಫೋನ ಅದ! ದ್ಯಾಮಣ್ಣಾ, ಒಂದ ಪ್ಲೇಟ ಹಚ್ರಿ. ಹಾಡ ಕೇಳಿದ್ರ ನನ್ನ ತಲಿ ಛಲೋ ಓಡತದ."

ದ್ಯಾಮಣ್ಣ ಹೆಮ್ಮೆಯಿಂದ ಎದ್ದು ಚಾವಿಗೆ ಕೈಹಾಕಿದ. ವಾರಕ್ಕೊಮ್ಮೆ ಮುಟ್ಟುವವನು. ತಿರುವಿದರೆ ಒಳಗೆ ಕಟಕಟ ಎಂದು ಸಿಕ್ಕಿಕೊಂಡಿತು. ಇನ್ನೂ ಜೋರಾಗಿ ಒತ್ತಿದ. ಪೆಟ್ಟಿಗೆಯೇ ಹಲಗೆಯ ಮೇಲೆ ಜಾರಿತು.

"ಹಂಗಲ್ಲೋ ದ್ಯಾಮಾ!" ದಾನವ್ವನಿಗೆ ತಡೆಯಲಾಗಲಿಲ್ಲ. "ಮದ್ಲ ಒಂದೀಟ ಹಿಂದ ತಿರುವಿ ಬಿಡಬೇಕು, ಆಮ್ಯಾಲ ಮುಂದ. ಇಲ್ಲಂದ್ರ ಅದು ಹಿಡೀತೈತಿ!"

"ಹೌದ್ರಿ, ಮತ್ತ ಎಡಗೈಲೆ ಪೆಟ್ಟಿಗಿ ಒತ್ತಿ ಹಿಡೀಬೇಕು" ಎಂದು ಶರಣವ್ವನೂ ಸೇರಿಸಿಬಿಟ್ಟಳು. "ಇಲ್ಲಂದ್ರ ಜಾರತೈತಿ."

ದ್ಯಾಮಣ್ಣ ಚಾವಿ ಹಿಡಿದುಕೊಂಡೇ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅತ್ತೆ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯನ್ನು ನೋಡಿದಳು. ಡಾಕ್ಟರು ಚಹಾದ ಕಪ್ಪು-ಬಸಿ ಕೆಳಗಿಟ್ಟರು.

"ಅತ್ತಿ... ನೀವೂ?"

"ನೀನೂ ಏನ ಬೇ?"

"ಕಹಳಿಯಾಗ ಕೌದಿ ತುರಕೂದು ನೀವ ಏನ್ರಿ?"

ದಾನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ದ್ಯಾಮಣ್ಣ ಗಾಬರಿಯಾಗಿ ಹತ್ತಿರ ಬಂದರೆ, ಆಕೆ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ, ಹೊಟ್ಟೆ ಹಿಡಿದುಕೊಂಡು. ಶರಣವ್ವ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ನಕ್ಕಳು. ದಾನವ್ವ ಹೀಗೆ ನಕ್ಕದ್ದನ್ನು ಆ ಓಣಿ ಅದುವರೆಗೆ ಕೇಳಿರಲಿಲ್ಲ.

"ಡಾಕ್ಟರ ಸಾಹೇಬ್ರ, ನಾನೂ ತಿರುವೇನ್ರಿ!" ಎಂದು ಕಿಟಕಿಯಿಂದ ತಾಜಬಿ ಕೂಗಿದಳು. "ಇವರಿಬ್ಬರೂ ತಿರುವ್ಯಾರ!" ಎಂದು ತನ್ನ ಪಕ್ಕದ ಹೆಂಗಸರನ್ನೂ ಮುಂದಕ್ಕೆ ನೂಕಿದಳು.

ಡಾಕ್ಟರು ಶರಣವ್ವನನ್ನು ಹಲಗೆಯ ಕೆಳಗೆ ನಿಲ್ಲಿಸಿ, ಹೇಗೆ ತಿರುವುತ್ತಾಳೆಂದು ಸುಮ್ಮನೆ ಕೈಯಾಡಿಸಿ ತೋರಿಸಲು ಹೇಳಿದರು. ತುದಿಗಾಲು, ಚಾಚಿದ ತೋಳು, ಮಣಿದ ಮುಂಗೈ.

"ಇಷ್ಟ ಎತ್ತರ ಯಾರ ಇಟ್ಟಾರ?"

"ನಾನ ರಿ" ಎಂದ ದ್ಯಾಮಣ್ಣ ಮೆಲ್ಲಗೆ. "ಹುಡುಗರು ಮುಟ್ಟಬಾರದಂತ."

"ನಮ್ಮ ಮನ್ಯಾಗ ಹುಡುಗರ ಇಲ್ಲಲ್ರಿ" ಎಂದಳು ಶರಣವ್ವ. ನಗೆ ಮತ್ತೆ ಎದ್ದಿತು.

ಆಗ ಗಂಗಪ್ಪ ಹೊಸ್ತಿಲು ದಾಟಿ ಬಂದು ಎರಡೂ ಕೈ ಮುಂದೆ ಚಾಚಿದ. "ಮತ್ತ ನನಗ್ಯಾಕ ಬೆರಳ ಜುಂ ಜುಂ ಅನ್ನಾಕತ್ತಾವ್ರಿ ಡಾಕ್ಟರ? ನಾ ಏನೂ ತಿರುವಿಲ್ಲ!" ಡಾಕ್ಟರು ಅವನ ಕರ್ಪೂರದ ಗಂಟುಗಳನ್ನು ಬಿಚ್ಚಿದರು. ಚರ್ಮದ ಮೇಲೆ ಕೆಂಪಗೆ ದಾರದ ಗೆರೆಗಳು ಮೂಡಿದ್ದವು. "ಮೊಣಕೈ ಇಷ್ಟ ಬಿಗಿ ಕಟ್ಟಿದ್ರ ನರ ಒತ್ತಿ ಬೆರಳ ಜುಂ ಅನ್ನಲಾರದ ಏನ ಮಾಡ್ಯಾವು? ಬಿಚ್ಚಿದ್ನಿ, ಸಂಜಿಯೊಳಗ ನೆಟ್ಟಗ ಆಗತಾವ, ಹೋಗ್ರಿ" ಎಂದರು.

"ಮತ್ತ ಕೊಯ್ಯೂದು?" ಎಂದು ದಾನವ್ವ ಕೇಳಿದಳು. ಆ ಮಾತು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

"ಯಾತಕ್ಕ ಕೊಯ್ಯೂದು ಅವ್ವಾರ? ಚಾಕೂ ಬ್ಯಾಡ, ಸೂಜೀನೂ ಬ್ಯಾಡ. ಸಮಾಧಾನ ಬೇಕು. ಒಂದ ದಿವಸದಾಗ ಬಂದ ಬ್ಯಾನಿ ಅಲ್ಲ, ಒಂದ ದಿವಸದಾಗ ಹೋಗಂಗಿಲ್ಲ." ಆಮೇಲೆ ಅವರು ಕೂತು ವಿವರಿಸಿ ಹೇಳಿದರು. ಕೆಲವು ವಾರ ಬಲಗೈಯಿಂದ ಚಾವಿ ತಿರುವಬಾರದು, ಬಟ್ಟೆ ಹಿಂಡಬಾರದು. ಏನಾದರೂ ಎತ್ತುವುದಿದ್ದರೆ ಅಂಗೈ ಮೇಲೆ ಮಾಡಿ ಎರಡೂ ಕೈಯಲ್ಲಿ ಎತ್ತಬೇಕು. ಹಾಗೆಂದು ಕೈಯನ್ನು ಮೂಲೆಗೆ ಹಾಕಿ ಕೂಡಲೂ ಬಾರದು, ಆಡಿಸುತ್ತಿರಬೇಕು. ಉಪ್ಪಿನ ಗಂಟಿನ ಶಾಖ ಒಳ್ಳೆಯದೇ, ಎಕ್ಕೆ ಎಲೆಯಿಂದಲೂ ತೊಂದರೆಯಿಲ್ಲ. ಬಹಳ ನೋವೆದ್ದ ದಿನ ತಣ್ಣೀರಿನ ಬಟ್ಟೆ ಸುತ್ತಬಹುದು. ಕೆಲಸ ಮಾಡುವಾಗ ಮೊಣಕೈಗಿಂತ ಎರಡು ಬೆರಳು ಕೆಳಗೆ ಒಂದು ಅಗಲವಾದ ಪಟ್ಟಿ ಕಟ್ಟಿಕೊಳ್ಳಬೇಕು, "ಗಂಗಪ್ಪನಂಗ ಬಿಗಿಯಾಗಿ ಅಲ್ಲ." ನೋವು ಇಳಿಯುತ್ತ ಬಂದ ಮೇಲೆ ಮುಂಗೈಗೆ ದಿನಾ ಸ್ವಲ್ಪ ವ್ಯಾಯಾಮ.

"ಹಾಡ ಕೇಳಬಹುದ್ರೀ?" ಎಂದಳು ಶರಣವ್ವ.

"ಕೇಳೂದಕ್ಕ ಮೊಣಕೈ ಬೇಕಾಗಂಗಿಲ್ಲ. ತಿರುವೂದು ಬ್ಯಾರೆಯವರು ತಿರುವಲಿ."

ಆ ಬೇರೆಯವರು ಮೊದಲಿಗೆ ದ್ಯಾಮಣ್ಣನೇ ಆಗಬೇಕಾಯಿತು. ಅಂದು ಸಂಜೆ ತಾಯಿಗೊಂದು, ಹೆಂಡತಿಗೊಂದು, ಕಿಟಕಿಗೊಂದು ಎಂದು ಮೂರು ಪ್ಲೇಟು ಹಚ್ಚುವಷ್ಟರಲ್ಲಿ ಅವನ ಅಂಗಿ ಬೆವರಿಗೆ ತೊಯ್ದಿತು. ಹೆಣ್ಣುಮಕ್ಕಳು ದಿನಾ ಇದನ್ನು ಹೇಗೆ ತಿರುವಿದರು ಎಂದು ಬೆರಗಾದ. ಮರುದಿನವೇ ಜಿನ್ನಿನ ಫಿಟ್ಟರನನ್ನು ಕರೆತಂದ. ಪೆಟ್ಟಿಗೆ ಬಿಚ್ಚಿದರೆ ಸ್ಪ್ರಿಂಗಿನ ಸುತ್ತ ಹಳೆಯ ಗ್ರೀಸು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲ ಕೆರೆದು ತೆಗೆದು ಹೊಸದು ಹಾಕಿದಾಗ ಚಾವಿ ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಹಗುರಾಯಿತು. ಎತ್ತರದ ಹಲಗೆ ಹೋಯಿತು. ಗ್ರಾಮೋಫೋನು ಪಡಸಾಲೆಯ ನಡುವೆ ಒಂದು ಗಿಡ್ಡ ಮೇಜಿನ ಮೇಲೆ, ಕೂತವರ ಕೈಗೆ ನಿಲುಕುವಂತೆ ಬಂದು ಕೂತಿತು.

ದಾನವ್ವ ಹೊಸ ಅಪ್ಪಣೆ ಹೊರಡಿಸಿದಳು. ಹಾಡು ಕೇಳಲು ಯಾರು ಬೇಕಾದರೂ ಬರಬಹುದು, ಆದರೆ ಬಂದವರು ಒಬ್ಬೊಬ್ಬರಾಗಿ ಪಾಳಿಯ ಪ್ರಕಾರ ಚಾವಿ ಕೊಡಬೇಕು, ಒಬ್ಬರೇ ಎರಡು ಸಲ ಕೊಡಬಾರದು, ಕೈ ಬದಲಿಸಿ ಕೊಡಬೇಕು. ಪಾಳಿಗಾಗಿ ಜಗಳಗಳಾದವು. ಮಠಕ್ಕೆ ಹೊರಡುವ ಹೊತ್ತಾದರೂ ದಾನವ್ವ ಏಳುತ್ತಿರಲಿಲ್ಲ. ಶಿವನ ಪದ ಮುಗಿಸಿಯೇ ಹೋಗುತ್ತಿದ್ದಳು. ಅದನ್ನು ಕೌದಿಯಿಲ್ಲದೆ ಕೇಳಿದ ದಿನ, "ಅಯ್ಯ, ಎಷ್ಟ ಛಲೋ ಐತಿ ಇಕಿ ದನಿ!" ಎಂದು ಹೊಸದಾಗಿ ಕೇಳಿದವಳಂತೆ ಬೆರಗಾದಳು.

ನೋವು ಒಂದೇ ಸಮನೆ ಇಳಿಯಲಿಲ್ಲ. ಎರಡು ದಿನ ಹಗುರಾದರೆ ಒಂದು ದಿನ ಎದ್ದು ಕೂಡುತ್ತಿತ್ತು. ಒಮ್ಮೆ ದಾನವ್ವ ಹುರುಪಿನಲ್ಲಿ ಪಾಳಿ ಮುರಿದು ಬಲಗೈಯಿಂದ ಗರಗರ ತಿರುವಿಬಿಟ್ಟಳು. ಮರುದಿನ ಕೈ ಎತ್ತಲಾಗಲಿಲ್ಲ. ಸೊಸೆ ತಣ್ಣೀರಿನ ಬಟ್ಟೆ ಸುತ್ತುತ್ತ ಬೈದಳು. "ಸಣ್ಣ ಹುಡುಗೂರಂಗ ಮಾಡತೀರಲ್ರಿ ಅತ್ತಿ! ಡಾಕ್ಟರಿಗೆ ಹೇಳ್ತೇನ ನೋಡ್ರಿ." ಜೀವಮಾನದಲ್ಲಿ ಯಾರಿಂದಲೂ ಬೈಸಿಕೊಳ್ಳದ ದಾನವ್ವ ಬಾಯಿ ಮುಚ್ಚಿಕೊಂಡು ಬೈಸಿಕೊಂಡಳು. "ಹೇಳಬ್ಯಾಡವಾ" ಎಂದಷ್ಟೇ ಅಂದಳು.

ವ್ಯಾಯಾಮದ ದಿನಗಳು ಬಂದವು. ಮುಂಗೈಯನ್ನು ತೊಡೆಯ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಸಣ್ಣದೊಂದು ಹಿತ್ತಾಳೆ ಲೋಟದಲ್ಲಿ ಕಾಳು ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಹಿಡಿದುಕೊಳ್ಳುವುದು. ಮುಂಗೈಯನ್ನು ಮೇಲೆತ್ತಿ ಆಮೇಲೆ ಬಹಳ ಸಾವಕಾಶವಾಗಿ ಇಳಿಸುವುದು. ಸಾವಕಾಶವೆಂದರೆ ಎಷ್ಟು ಎಂದು ತಿಳಿಯದೆ ಅವರು ವಿಳಂಬ ಲಯದ ಹಾಡೊಂದನ್ನು ಹಚ್ಚಿಕೊಂಡರು. ಅತ್ತೆ, ಸೊಸೆ, ತಾಜಬಿ, ಮತ್ತಿಬ್ಬರು ಸಾಲಾಗಿ ಕೂತು ಹಾಡಿನ ಗತಿಗೆ ಲೋಟ ಎತ್ತಿ ಇಳಿಸುತ್ತಿದ್ದರು. ಗಂಗಪ್ಪ ಮೊದಲ ದಿನ ಬಾಗಿಲಲ್ಲಿ ಇಣುಕಿ, ಇವರಿಗೆ ಮೈಮೇಲೆ ಏನೋ ಬಂದಿದೆಯೆಂದು ಹಿಂದೆ ಸರಿದ. ಎರಡನೆಯ ದಿನ ಒಳಗೆ ಬಂದ. ಮೂರನೆಯ ದಿನ ತಾನೂ ಒಂದು ಲೋಟ ತಂದು ಕೂತು, ಗಟ್ಟಿ ದನಿಯಲ್ಲಿ "ಒಂದ, ಎರಡ" ಎಂದು ಎಣಿಸತೊಡಗಿದ. ಅವನ ಎಣಿಕೆ ತಾಳಕ್ಕೆ ಕೂಡುತ್ತಲೇ ಇರಲಿಲ್ಲ.

"ಗಂಗಪ್ಪಾ, ಎಣಸೂದ ಬಿಡು. ಹಾಡ ಕೆಡತೈತಿ" ಎಂದಳು ದಾನವ್ವ.

"ನಿಮ್ಮ ಸಲುವಾಗಿ ಎಣಸಾಕತ್ತೇನಿ ವೈನಿ!"

"ಮನಸಿನ್ಯಾಗ ಎಣಸು."

ಯುಗಾದಿಯ ಹೊತ್ತಿಗೆ ಡಾಕ್ಟರು ನೋಡಿ ಹೋಗಲು ಬಂದರು. ಪಡಸಾಲೆಯ ಕುರ್ಚಿಯನ್ನು ತೋರಿಸಿ, ಅಂಗೈ ಕೆಳಗೆ ಮಾಡಿ ಅದರ ಬೆನ್ನು ಹಿಡಿದು ಒಂದೇ ಕೈಯಲ್ಲಿ ಎತ್ತಲು ಹೇಳಿದರು. ಶರಣವ್ವ ಎತ್ತಿದಳು. ಮುಖ ಕಿವುಚಲಿಲ್ಲ. ದಾನವ್ವ ಎತ್ತಿದಳು, ಎತ್ತಿದ್ದನ್ನು ಹಾಗೇ ಹಿಡಿದುಕೊಂಡು ನಿಂತಳು. ಇಳಿಸಿರಿ ಎಂದರೂ ಇಳಿಸಲಿಲ್ಲ. ಎಲ್ಲರೂ ನೋಡಿದರೋ ಇಲ್ಲವೋ ಎಂದು ಸುತ್ತ ನೋಡಿ ಆಮೇಲೆ ಇಳಿಸಿದಳು.

ಆ ವಾರವೇ ಅತ್ತೆ ಸೊಸೆಯರು ಇಬ್ಬರೇ ಹೊಸ ಪ್ಲೇಟು ಕೊಳ್ಳಲು ಪೇಟೆಗೆ ಹೊರಟರು. ಗಂಡಸರಿಲ್ಲದೆ ಪ್ಲೇಟಿನ ಅಂಗಡಿಯ ಮೆಟ್ಟಿಲು ಹತ್ತಿದ್ದು ಇಬ್ಬರಿಗೂ ಅದೇ ಮೊದಲು. ಅಂಗಡಿಯವನು ಒಂದೊಂದೇ ಹಚ್ಚಿ ಕೇಳಿಸಿದ. ಶರಣವ್ವನಿಗೆ ನಾಟಕದ ಹಾಸ್ಯದ ಪದ ಬೇಕು, ದಾನವ್ವನಿಗೆ ಶಿವನ ಪದ ಹಾಡಿದ ಅದೇ ಹೆಂಗಸಿನ ಇನ್ನೊಂದು ಪ್ಲೇಟು ಬೇಕು. ಜಗಳವಾಡಿದರು, ಇಬ್ಬರೂ ಸೋಲಲಿಲ್ಲ, ಎರಡನ್ನೂ ಕೊಂಡರು. ಬರುವಾಗ ಟಾಂಗಾವಾಲಾ ಕಮರುದ್ದೀನನ ಗಾಡಿಯಲ್ಲಿ ಪ್ಲೇಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಸೆರಗು ಹಾರುತ್ತಿದ್ದರೂ ಹಿಡಿಯದೆ ಕೂತಿದ್ದರು.

ದಾನವ್ವ ಅಂಗಡಿಯಲ್ಲಿ ಕೇಳಿದ್ದನ್ನು ಮೊದಲು ಗುನುಗಿದಳು. ಆಮೇಲೆ ಗುನುಗುವುದು ಬಿಟ್ಟು ಹಾಡಿದಳು, ಕೌಲಪೇಟೆಗೆಲ್ಲ ಗೊತ್ತಿದ್ದ ಆ ದೊಡ್ಡ ದನಿಯಲ್ಲಿ. ಶರಣವ್ವ ಮೊದಲು ನಾಚಿ ಹೊರಗೆ ನೋಡಿದಳು, ಆಮೇಲೆ ತಾನೂ ದನಿಗೂಡಿಸಿದಳು. ಕಮರುದ್ದೀನ ಕುದುರೆಯ ಓಟ ತಗ್ಗಿಸಿದ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

"ಅವ್ವಾರ, ನಿಮ್ಮ ಓಣಿ ಬಂತ್ರಿ" ಎಂದ ಕಮರುದ್ದೀನ, ತಿರುಗಿ ನೋಡಿ.

"ಬರಲಿ ಬಿಡಪಾ" ಎಂದಳು ದಾನವ್ವ. "ಪದಾ ಇನ್ನೂ ಅರ್ಧಾ ಐತಿ. ಇನ್ನೊಂದ ಸುತ್ತ ಹೊಡಿ."

ಕಮರುದ್ದೀನ ಲಗಾಮು ಜಗ್ಗಿ ಟಾಂಗಾವನ್ನು ಮತ್ತೆ ದುರ್ಗದಬೈಲಿನ ಕಡೆಗೆ ತಿರುಗಿಸಿದ.